ಗುರುವಾರದ ಲಾಗು

ಆ ಶನಿವಾರ ಬೆಳಗ್ಗೆ, ಕ್ಯಾಸಂಬಳ್ಳಿ ರಸ್ತೆಯಲ್ಲಿರುವ ನಮ್ಮ ಹಾಲು ಕೇಂದ್ರದ ಹಿಂದಿನ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಬಂಗಾರಪೇಟೆಯ ಹೆಡ್ಡಾಫೀಸಿನಿಂದ ಬಂದಿದ್ದ ಮ್ಯಾನೇಜರು ಇದ್ದ ಒಂದೇ ಕುರ್ಚಿಯಲ್ಲಿ ಕೂತಿದ್ದರು. ವ್ಯಾನಿನ ಡ್ರೈವರ್ ಬಾಗಿಲಿಗೆ ಒರಗಿ ಕೀ ಗೊಂಚಲು ತಿರುವುತ್ತಿದ್ದ. ಹಾಲಿನ ಟ್ಯಾಂಕು ನೋಡಿಕೊಳ್ಳುವ ಹೆಣ್ಣುಮಗಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕೆಲಸಕ್ಕೆಂದು ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಬಿಚ್ಚುವುದೂ ಅವಳಿಗೆ ಮರೆತುಹೋಗಿತ್ತು. ನಾನು ಮೇಜಿನ ಪಕ್ಕ, ಸತ್ತ ಕಂಪ್ಯೂಟರಿನ ಮೇಲೆ ಕೈಯಿಟ್ಟುಕೊಂಡು, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವವನ ಹಾಗೆ ನಿಂತಿದ್ದೆ. ಹಿಂದಿನ ದಿನ ಮಧ್ಯಾಹ್ನ ಮೂರೂವರೆಗೆ ಹೊಡೆದ ಸಿಡಿಲಿಗೆ ಅದು ಸುಟ್ಟುಹೋಗಿತ್ತು. ಕೋಣೆಯಲ್ಲಿ ಇನ್ನೂ ಸುಟ್ಟ ವೈರಿನ ವಾಸನೆ.

ಮ್ಯಾನೇಜರು ನನ್ನ ಮುಖ ನೋಡದೆ ಹೇಳಿದರು: "ಸೋಮವಾರ ಹತ್ತು ಗಂಟೆಗೆ ಹಾಲು ಹಾಕೋರನ್ನೆಲ್ಲ ಇಲ್ಲಿ ಸೇರಿಸ್ತೀನಿ. ಅಷ್ಟರೊಳಗೆ ಗುರುವಾರದ ಲಾಗು ನನ್ನ ಕೈಗೆ ಬರಬೇಕು. ಬರಲಿಲ್ಲ ಅಂದ್ರೆ ಈಯಮ್ಮನ್ನ ಕೆಲಸದಿಂದ ತೆಗೀತೀನಿ. ಯಾಕೆ ತೆಗೆದೆ ಅಂತ ಅವರೆಲ್ಲರ ಮುಂದೆ ಹೇಳಿಯೇ ತೆಗೀತೀನಿ. ನನಗೂ ಮೇಲಿನೋರು ಕೇಳ್ತಾರೆ."

"ನಾನು ಕಂಪ್ರೆಸರು ಆನ್ ಮಾಡಿದ್ದೆ ಸಾರ್," ಅಂದಳು ಅವಳು. ಎರಡು ದಿನದಿಂದ ಅದೇ ಮಾತನ್ನು ಎಷ್ಟು ಜನರಿಗೆ ಹೇಳಿದ್ದಳೋ, ದನಿಯಲ್ಲಿ ಜೀವ ಇರಲಿಲ್ಲ. "ಅದೇ ಟ್ರಿಪ್ಪಾಯ್ತು. ಮೂರು ದಪ ಎತ್ತಿದೆ, ಮೂರು ದಪಾನೂ ಬಿದ್ದೋಯ್ತು."

"ಲಾಗಿನಲ್ಲಿದ್ರೆ ನಂಬ್ತೀನಮ್ಮ. ಬಾಯಿ ಮಾತಲ್ಲಿ ಅಲ್ಲ."

ಲಾಗು ಅಂದರೆ ಏನೆಂದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ನನಗೂ ಮೊದಲು ಗೊತ್ತಿರಲಿಲ್ಲ. ನಾನು ಆ ಕೇಂದ್ರಕ್ಕೆ ಸೇರಿದಾಗ ಎಲ್ಲವೂ ದಪ್ಪ ರಟ್ಟಿನ ಪುಸ್ತಕದಲ್ಲಿ ನಡೆಯುತ್ತಿತ್ತು. ಹಾಲು ಬಂದ ಹೊತ್ತು, ಟ್ಯಾಂಕಿನ ಶಾಖ, ಕರೆಂಟು ಹೋದ ಹೊತ್ತು, ಎಲ್ಲ ನನ್ನ ಅಕ್ಷರದಲ್ಲೇ. ಆಮೇಲೆ ಯಂತ್ರಗಳೇ ತಮ್ಮ ದಿನಚರಿ ಬರೆದುಕೊಳ್ಳುವ ಏರ್ಪಾಡು ಬಂತು. ಹಾಲು ತಂಪು ಮಾಡುವ ಕಂಪ್ರೆಸರು, ಟ್ಯಾಂಕಿನ ಥರ್ಮಾಮೀಟರು, ಹಾಲು ಕಲಕುವ ಮೋಟರು, ಜನರೇಟರು, ಒಂದೊಂದೂ ತನಗಾದದ್ದನ್ನು ಒಂದೊಂದು ಸಾಲಿನಲ್ಲಿ ಹೇಳುತ್ತದೆ: ಇಷ್ಟು ಗಂಟೆಗೆ ಶುರುವಾದೆ, ಇಷ್ಟಕ್ಕೆ ನಿಂತೆ, ಇಂಥವರು ನನ್ನ ಗುಂಡಿ ಒತ್ತಿದರು. ಆ ಸಾಲುಗಳನ್ನೆಲ್ಲ ಒಂದು ಕಂಪ್ಯೂಟರು ಕೂಡಿಸಿಟ್ಟುಕೊಳ್ಳುತ್ತದೆ. ಮೊನ್ನೆ ಎಂಟು ಗಂಟೆಗೆ ಏನಾಯಿತು ಎಂದು ಕೇಳಿದರೆ ಹುಡುಕಿ ತೋರಿಸುತ್ತದೆ. ಅದನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು. ನನಗೆ ಅದರ ಮೇಲೆ ಒಂಥರಾ ಪ್ರೀತಿಯೂ ಇತ್ತು. ಸುಳ್ಳು ಹೇಳದ, ಬೇಸರ ಮಾಡಿಕೊಳ್ಳದ, ಯಾರ ಕಡೆಗೂ ವಾಲದ ಇನ್ನೊಬ್ಬ ಗುಮಾಸ್ತನನ್ನು ನಾನು ಕಂಡಿರಲಿಲ್ಲ.

ಇನ್ನು ಅವಳ ವಿಷಯ. ಕೇಂದ್ರದ ಹಿಂದಿನ ಊರಿನವಳು, ಕೂಲಿ ಮಾಡುವ ಮನೆಯ ಹೆಣ್ಣು. ಮೊದಲು ಕ್ಯಾನು ತೊಳೆಯಲು ಬಂದಳು. ತೊಳೆಯುತ್ತಾ ತೊಳೆಯುತ್ತಾ ಯಂತ್ರದ ಸದ್ದು ಕೇಳಿ ಅದರ ಆರೋಗ್ಯ ಹೇಳುವಷ್ಟು ಕಲಿತಳು. ಹಳೆಯ ಆಪರೇಟರು ಬಿಟ್ಟುಹೋದಾಗ ಅವಳಿಗೇ ಟ್ಯಾಂಕು ಕೊಡಿ ಎಂದು ಹೆಡ್ಡಾಫೀಸಿಗೆ ಬರೆದವನು ನಾನೇ. ಊರಿನ ಬೇಸಾಯದ ಮನೆಯವರಲ್ಲಿ ಕೆಲವರಿಗೆ ಅದು ಹಿಡಿಸಲಿಲ್ಲ. ನಾವು ಕರೆದ ಹಾಲನ್ನು ಅವಳ ಕೈಗೆ ಸುರಿಯಬೇಕಾ ಎಂದು ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಕ್ಯಾನನ್ನು ಅವಳ ಕೈಗೆ ಕೊಡದೆ ನೆಲಕ್ಕಿಟ್ಟು ಸರಿದು ನಿಲ್ಲುತ್ತಿದ್ದರು. ಅವಳು ಅದನ್ನು ಗಮನಿಸದವಳಂತೆ ಎತ್ತಿ ಸುರಿಯುತ್ತಿದ್ದಳು. ಎರಡು ವರ್ಷ ಹಾಗೆ ಸುರಿದ ಮೇಲೆ, ಒಬ್ಬೊಬ್ಬರಾಗಿ ಕೈಗೆ ಕೊಡಲು ಶುರು ಮಾಡಿದ್ದರು.

ಗುರುವಾರ ಬೆಳಗ್ಗೆ ಬಂದ ಹಾಲೆಲ್ಲ ಕೆಟ್ಟಿತು. ಹನ್ನೊಂದಕ್ಕೆ ಬಂದ ಟ್ಯಾಂಕರಿನವರು ಒಂದು ಸೌಟು ಹಾಲು ಕುದಿಸಿ ನೋಡಿದರು, ಒಡೆಯಿತು. ಅಷ್ಟೂ ಹಾಲನ್ನು ಮೋರಿಗೆ ಬಿಟ್ಟೆವು. ಮಧ್ಯಾಹ್ನ ಮೆಕ್ಯಾನಿಕ್ಕು ಬಂದು ಗುಂಡಿ ಒತ್ತಿದರೆ ಕಂಪ್ರೆಸರು ಮೊದಲ ಸಲಕ್ಕೇ ಶುರುವಾಯಿತು. ಅರ್ಧ ದಿನ ತಣ್ಣಗೆ ಕೂತಿದ್ದ ಯಂತ್ರ ಶುರುವಾಗದೆ ಏನು? ಆದರೆ ಎಲ್ಲರೂ ಅವಳ ಕಡೆ ತಿರುಗಿದರು. ಯಂತ್ರ ಸರಿಯಾಗಿದೆ, ಇವಳು ಹಾಕಲೇ ಇಲ್ಲ, ಈಗ ಕಥೆ ಕಟ್ಟುತ್ತಿದ್ದಾಳೆ.

ಗುರುವಾರ ನಾನೂ ಕೇಂದ್ರದಲ್ಲೇ ಇದ್ದೆ, ಮುಂದಿನ ಆಫೀಸಿನಲ್ಲಿ. ನನ್ನ ಕಣ್ಣಿಗೆ ಕಿವಿಗೆ ಏನೂ ಬೀಳಲಿಲ್ಲ ಎಂದು ಮ್ಯಾನೇಜರಿಗೆ ಹೇಳಿದೆ. ಹೇಳುವಾಗ ಅದು ನಿಜವೆಂದೇ ನಂಬಿದ್ದೆ.

ಶುಕ್ರವಾರ ಬೆಳಗ್ಗೆ ಊರಿನ ಹೆಂಗಸರು ಕ್ಯಾನು ಹೊತ್ತು ಬಂದವರು ಗೇಟಿನ ಹತ್ತಿರವೇ ನಿಂತರು. ಅವರಲ್ಲಿ ಹಿರಿಯಳೊಬ್ಬಳು ನನ್ನನ್ನು ಕರೆದು, ಟ್ಯಾಂಕಿನ ಹತ್ತಿರ ನಿಂತಿದ್ದ ಅವಳಿಗೂ ಕೇಳಿಸುವ ಹಾಗೆ, "ಗುದ್ಲಿ ಇಡಿಯೋ ಕೈಗೆ ಆಲಿನ ಟ್ಯಾಂಕು ಕೊಟ್ರೆ ಇನ್ನೇನಾತದೆ? ನಿನ್ಗೆ ಬುದ್ಧಿ ಎಲ್ಲಿಗೋಗಿತ್ತಪ್ಪಾ?" ಅಂದಳು. ಅಷ್ಟು ಹೇಳಿ ಎಲ್ಲರನ್ನೂ ಕರೆದುಕೊಂಡು ವಾಪಸು ಹೋದಳು. ಇವಳು ಖಾಲಿ ಟ್ಯಾಂಕಿನ ಮುಂದೆ ಹತ್ತು ಗಂಟೆಯವರೆಗೆ ನಿಂತೇ ಇದ್ದಳು.

ಲಾಗಿನಲ್ಲಿ ಎಲ್ಲ ಇದೆ, ಸುಮ್ಮನಿರು ತಾಯಿ, ಮ್ಯಾನೇಜರು ಬಂದ ಕೂಡಲೇ ತೋರಿಸಿಬಿಡೋಣ ಎಂದು ನಾನು ಧೈರ್ಯ ಹೇಳಿದೆ. ಆವತ್ತೇ ಮಧ್ಯಾಹ್ನ ಸಿಡಿಲು ಹೊಡೆಯಿತು.

ಸಿಡಿಲಿಗೂ ಏರ್ಪಾಡಿತ್ತು. ಅದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಕಂಪ್ಯೂಟರು ಪ್ರತಿದಿನ ಸಂಜೆ ನಾಲ್ಕಕ್ಕೆ ತನ್ನ ಲಾಗನ್ನೆಲ್ಲ ಒಂದು ಹಾರ್ಡ್‌ಡಿಸ್ಕಿಗೆ ನಕಲು ಮಾಡುತ್ತಿತ್ತು. ಅಂಗೈ ಅಗಲದ ಕಪ್ಪು ಡಬ್ಬಿ ಅದು. ಅಂಥವು ಎರಡಿದ್ದವು. ಮರುದಿನ ಬೆಳಗ್ಗೆ ಒಂದನ್ನು ಬಿಚ್ಚಿ ವ್ಯಾನಿನಲ್ಲಿ ಬಂಗಾರಪೇಟೆಗೆ ಕಳಿಸಬೇಕು, ಅಲ್ಲಿಂದ ಬಂದ ಇನ್ನೊಂದನ್ನು ಸಿಕ್ಕಿಸಬೇಕು. ಇಲ್ಲಿ ಬೆಂಕಿ ಬಿದ್ದರೂ, ಸಿಡಿಲು ಹೊಡೆದರೂ, ನಿನ್ನೆಯವರೆಗಿನ ಲಾಗು ಅಲ್ಲಿ ಕ್ಷೇಮ. ಅಷ್ಟೇ ನಿಯಮ. ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿಲ್ಲ.

ಆದರೆ ಮಂಗಳವಾರ ಮತ್ತು ಶುಕ್ರವಾರ ನಾನು ಕಳಿಸುತ್ತಿರಲಿಲ್ಲ.

ನಮ್ಮಜ್ಜಿ ಆ ಎರಡು ದಿನ ಮನೆಯಿಂದ ಏನನ್ನೂ ಆಚೆ ಕೊಡುತ್ತಿರಲಿಲ್ಲ. ಪಕ್ಕದ ಮನೆಯವರು ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೂ, "ಇವತ್ತು ಸುಕ್ರವಾರ ಕಣವ್ವ, ನಾಳೆ ಬಾ, ಚೆಂಬು ತುಂಬ ಕೊಡ್ತೀನಿ" ಎಂದು ಕಳಿಸುತ್ತಿದ್ದಳು. ನನಗೆ ಮಾತು ಕಲಿಸಿದವಳು ಅವಳು. ಮಾತಿನ ಜೊತೆ ಇದೂ ಬಂತು. ಆಯುಧಪೂಜೆಯ ದಿನ ಕಂಪ್ರೆಸರಿಗೆ ಇಟ್ಟಂತೆ ಆ ಕಪ್ಪು ಡಬ್ಬಿಗಳಿಗೂ ಕುಂಕುಮ ಇಟ್ಟಿದ್ದೆವು. ಆಮೇಲೆ ಅವು ನನ್ನ ಮನಸ್ಸಿನಲ್ಲಿ ಬರೀ ಡಬ್ಬಿಗಳಾಗಿ ಉಳಿಯಲಿಲ್ಲ, ಕೇಂದ್ರದ ಒಳಗಿನ ಸ್ವತ್ತಾದವು. ಯಾರೂ ತಪ್ಪು ಅನ್ನಲಿಲ್ಲ. ಡ್ರೈವರನೇ ಒಂದು ಸಲ ನಾನು ಮರೆತು ಕೊಡಲು ಹೋದರೆ, "ಸುಕ್ರವಾರ ಬ್ಯಾಡಣ್ಣ, ನಾಳೆ ಕೊಡು" ಎಂದು ಕೈ ಹಿಂದಕ್ಕೆ ಎಳೆದುಕೊಂಡಿದ್ದ.

ಗುರುವಾರದ ಲಾಗು ಗುರುವಾರ ಸಂಜೆ, ಗುರುತಿಗೆಂದು ಕೆಂಪು ರಬ್ಬರ್ ಬ್ಯಾಂಡ್ ಹಾಕಿದ್ದ ಡಿಸ್ಕಿಗೆ ನಕಲಾಗಿತ್ತು. ಶುಕ್ರವಾರ ಬೆಳಗ್ಗೆ ಅದು ಬಂಗಾರಪೇಟೆಗೆ ಹೋಗಬೇಕಿತ್ತು. ಹೋಗಲಿಲ್ಲ. ಸಿಡಿಲು ಬಂದಾಗ ಅದು ಕಂಪ್ಯೂಟರಿಗೆ ಸಿಕ್ಕಿಸಿದ ಹಾಗೇ ಇತ್ತು, ಎರಡೂ ಒಟ್ಟಿಗೆ ಸುಟ್ಟವು. ಬಂಗಾರಪೇಟೆಯಲ್ಲಿದ್ದ ಡಿಸ್ಕಿನಲ್ಲಿ ಬುಧವಾರದವರೆಗೆ ಮಾತ್ರ ಇತ್ತು.

ಇದನ್ನೆಲ್ಲ ಶನಿವಾರ ಮ್ಯಾನೇಜರಿಗೆ ಹೇಳಿದಾಗ ಅವರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. "ಶುಕ್ರವಾರ ಟ್ಯಾಂಕರ್ ತುಂಬ ಹಾಲು ಇಲ್ಲಿಂದ ಹೋಗುತ್ತಲ್ಲ ಸ್ವಾಮಿ. ಅದು ಹೋಗಬಹುದು, ಈ ಡಬ್ಬಿ ಹೋಗಬಾರದಾ?"

"ಹಾಲು ಮಾರೋದು ಸಾರ್," ಅಂದೆ. "ಇದು ಮನೇಲಿ ಇಟ್ಕೊಳ್ಳೋದು."

ಡ್ರೈವರ್ ನಗು ತಡೆಯಲಾರದೆ ಆಚೆ ಹೋದ. ಮ್ಯಾನೇಜರು ನಗಲಿಲ್ಲ. ಅವಳೂ ನಗಲಿಲ್ಲ. ಅವಳು ಕೇಳಿದ್ದು ಒಂದೇ: "ಅಂಗಾರೆ ಇಲ್ವಾ ಅಣ್ಣ, ಅದು?"

ಮ್ಯಾನೇಜರು ಎದ್ದು ಹೋದ ಮೇಲೆ ಆ ಸುಟ್ಟ ಡಿಸ್ಕನ್ನು ಟವಲಿನಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಗಾಡಿ ಹತ್ತಿ ಆಂಡರ್ಸನ್‌ಪೇಟೆಗೆ ಹೊರಟೆ.

ಅಲ್ಲಿ ಒಬ್ಬ ರಿಪೇರಿಯವನಿದ್ದ. ಟೀವಿ, ಮಿಕ್ಸಿ, ಮೊಬೈಲು, ಏನು ಕೊಟ್ಟರೂ ಬಿಚ್ಚುವವನು. ಅವನ ತಂದೆ ಚಿನ್ನದ ಗಣಿಯ ಒಳಗೆ ಕರೆಂಟಿನ ಕೆಲಸ ಮಾಡಿದವರು. ಮಾತಿನಲ್ಲಿ ಕನ್ನಡ ತಮಿಳು ಬೆರೆತೇ ಬರುತ್ತಿತ್ತು. ನಾನು ಒಂದೇ ಉಸಿರಿಗೆ ಎಲ್ಲ ಹೇಳಲು ಹೊರಟರೆ, "ಇರು ಪಾ, ಇರು. ಆ ಕಥೆ ಆಮೇಲೆ. ಮೊದ್ಲು ಇದಕ್ಕೆ ಉಯಿರು, ಜೀವ, ಇದೆಯಾ ನೋಡೋಣ" ಎಂದು ಡಬ್ಬಿಯ ಸ್ಕ್ರೂ ಬಿಚ್ಚಿದ. ಒಳಗೆ ಒಂದು ಚಿಕ್ಕ ಹಸಿರು ಹಲಗೆ, ಅದರ ಮಧ್ಯೆ ಕಪ್ಪು ಕಲೆ. ಅದನ್ನು ಮೂಸಿದ. ನನಗೂ ಮೂಸಿಸಿದ.

"ಸುಟ್ಟಿರೋದು ಇದು. ಇದು ಬರೀ ಬಾಗಿಲು. ಒಳಗೆ ಬರೆದಿಟ್ಟಿರೋದು ಬೇರೆ ಕಡೆ ಇರ್ತದೆ."

ಹಳೆಯ ಡಬ್ಬಿಗಳ ರಾಶಿಯಲ್ಲಿ ಕೈಯಾಡಿಸಿ, ಅಂಥದೇ ಇನ್ನೊಂದರ ಹಲಗೆ ತೆಗೆದು ಹಾಕಿದ. ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಏನೂ ಆಗಲಿಲ್ಲ. ಕಿತ್ತು ಮತ್ತೆ ಸಿಕ್ಕಿಸಿದ. ಆಗಲೂ ಇಲ್ಲ. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತೆ. ರಸ್ತೆಯಲ್ಲಿ ಆಟೋಗಳು ಬರುತ್ತಿದ್ದವು, ಶಾಲೆ ಬಿಟ್ಟ ಮಕ್ಕಳು ಹೋಗುತ್ತಿದ್ದರು, ಪಕ್ಕದ ಅಂಗಡಿಯಲ್ಲಿ ಬೋಂಡಾ ಕರಿಯುತ್ತಿದ್ದರು. ಎಲ್ಲರ ಶನಿವಾರವೂ ಶನಿವಾರದ ಹಾಗೇ ನಡೆಯುತ್ತಿತ್ತು. ಸೋಮವಾರ ಅವಳು ಊರವರ ಮುಂದೆ ನಿಂತಿರುವುದು ನನ್ನ ಕಣ್ಣಿಗೆ ಕಟ್ಟಿತು. ಕೆಲಸ ಹೋಗುವುದಷ್ಟೇ ಆಗಿದ್ದರೆ ಬೇರೆ ಮಾತು. ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ, ಊರಿನ ಹಾಲು ಕೆಡಿಸಿದವಳು ಎಂಬ ಹೆಸರು ಹೊತ್ತು ಅವಳು ಬಾಳಬೇಕು. ಆ ಹೆಸರು ಅವಳೊಬ್ಬಳಿಗೇ ನಿಲ್ಲುವುದಿಲ್ಲ, ಅವಳ ಬೀದಿಯಿಂದ ಮುಂದೆ ಯಾವ ಹೆಣ್ಣುಮಗಳನ್ನೂ ಆ ಟ್ಯಾಂಕಿನ ಹತ್ತಿರ ಬಿಡುವುದಿಲ್ಲ.

"ಸಾರ್," ಎಂದು ಅವನು ಕೂಗಿದ. "ಉಯಿರು ಇದೆ."

ಓಡಿಹೋಗಿ ನೋಡಿದೆ. ಡಿಸ್ಕು ಸಣ್ಣಗೆ ಗುಯ್‌ಗುಡುತ್ತಿತ್ತು. ನಾನು ಅದನ್ನು ಕಿತ್ತುಕೊಂಡು ಆಗಲೇ ಬಂಗಾರಪೇಟೆಯ ಹೆಡ್ಡಾಫೀಸಿನ ಕಂಪ್ಯೂಟರಿಗೆ ಹಾಕಿ ನೋಡಲು ಓಡುವವನಿದ್ದೆ. ಅವನು ಕೈ ಹಿಡಿದ. "ಇದನ್ನ ನಂಬಬೇಡ. ಒಂದ್ಸಲ ಬಿದ್ದೆದ್ದ ಡಿಸ್ಕು ಇನ್ನೊಂದ್ಸಲ ಏಳ್ತದೆ ಅಂತ ಹೇಳೋಕಾಗಲ್ಲ. ಮೊದ್ಲು ಇದರ ನಕಲು ತಗೋ. ನಕಲಿನ ಮೇಲೆ ನಿನ್ನ ಆಟ ಎಲ್ಲ ಆಡು. ಇದನ್ನ ಮುಟ್ಟಬೇಡ."

ನಕಲಾಗಲು ನಾಲ್ಕು ಗಂಟೆ ಹಿಡಿಯಿತು. ಒಂದು ಹಸಿರು ಗೆರೆ ಇರುವೆಯಂತೆ ತೆವಳುತ್ತಿತ್ತು, ನಡುನಡುವೆ ನಿಂತುಬಿಡುತ್ತಿತ್ತು. ಅದು ನಿಂತಾಗೆಲ್ಲ ನಾನೂ ನಿಲ್ಲುತ್ತಿದ್ದೆ. ರಿಪೇರಿಯವನು ನನ್ನನ್ನು ನೋಡಲಾರದೆ ಎರಡು ಸಲ ಟೀ ತರಿಸಿದ. ಕೊನೆಗೆ ಗೆರೆ ಮುಗಿಯಿತು.

ಭಾನುವಾರ ಬೆಳಗ್ಗೆ ಅವಳೂ ಬಂದಳು. ನಾನು ಕರೆದಿರಲಿಲ್ಲ. ಮಾರಿಕುಪ್ಪಂ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತರೆ ಎದುರಿನ ಸೀಟಿನಲ್ಲಿ ಬಂದು ಕೂತಳು. "ಮನೇಲಿ ಕುಂತ್ರೆ ತಲೆ ಕೆಡ್ತದೆ ಅಣ್ಣ. ನೀನು ಏನು ಮಾಡ್ತೀಯೋ, ನಾನು ನೋಡ್ತಾ ಕುಂತಿರ್ತೀನಿ." ರೈಲು ಗಣಿಯ ಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬಗಳನ್ನು ಬಳಸಿ ಹೊರಟಿತು. ನಕಲಿನ ಡಿಸ್ಕಿದ್ದ ಊಟದ ಡಬ್ಬಿ ನನ್ನ ತೊಡೆಯ ಮೇಲಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

ಹೆಡ್ಡಾಫೀಸಿನಲ್ಲಿ ಕಾವಲಿನವನು ಬಿಟ್ಟರೆ ಯಾರೂ ಇರಲಿಲ್ಲ. ಮ್ಯಾನೇಜರು ಹೇಳಿಟ್ಟಿದ್ದ ಹಳೆಯ ಕಂಪ್ಯೂಟರೊಂದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅದಕ್ಕೆ ಇಂಟರ್ನೆಟ್ಟೂ ಇಲ್ಲ. ಲಾಗು ನೋಡಿಕೊಳ್ಳುವ ಏರ್ಪಾಡನ್ನು ಮೊದಲಿಂದ ಅದರಲ್ಲಿ ಕೂರಿಸಬೇಕು, ಆಮೇಲೆ ನಕಲಿನಿಂದ ಲಾಗನ್ನು ವಾಪಸು ತುಂಬಿಸಬೇಕು. ಇಷ್ಟು ವರ್ಷ ಪ್ರತಿದಿನ ನಕಲು ಮಾಡಿದ್ದೆ. ಒಂದು ದಿನವಾದರೂ ವಾಪಸು ತುಂಬಿಸಿ ನೋಡಿರಲಿಲ್ಲ. ಕಾಗದದಲ್ಲಿ ಬರೆದಿಟ್ಟುಕೊಂಡ ಕ್ರಮವನ್ನು ಒಂದೊಂದೇ ಮಾಡುತ್ತಾ ಹೋದೆ. ತಂದಿದ್ದ ಪೆನ್‌ಡ್ರೈವಿನಿಂದ ಮೊದಲು ಹಾಕಿದ್ದು ಹೊಸ ಆವೃತ್ತಿ. ಅದು ಹಳೆಯ ನಕಲು ನನಗೆ ಬೇಡ ಎಂದಿತು. ತೆಗೆದು ಹಳೆಯದನ್ನು ಹಾಕಿದೆ. ಅಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಅವಳು ತಂದಿದ್ದ ಮುದ್ದೆ ಡಬ್ಬಿಯಲ್ಲಿ ಹಾಗೇ ಇತ್ತು.

ಎರಡು ಗಂಟೆಗೆ ಪರದೆಯ ಮೇಲೆ ಬಂತು: ಎಲ್ಲವೂ ಯಶಸ್ವಿಯಾಗಿ ವಾಪಸಾಗಿದೆ. ನಾನು ಜೋರಾಗಿ "ಬಂತು ತಾಯಿ!" ಅಂದೆ. ಅವಳು ಎದ್ದು ನಿಂತಳು. ಹಿಂದಿನ ಏಳು ದಿನದ ಲಾಗು ತೋರಿಸು ಎಂದು ಗುಂಡಿ ಒತ್ತಿದೆ.

ಸೊನ್ನೆ. ಒಂದು ಸಾಲೂ ಇಲ್ಲ.

ಮತ್ತೆ ಒತ್ತಿದೆ. ಸೊನ್ನೆ. ಎಲ್ಲ ಅಳಿಸಿ ಮತ್ತೆ ಮೊದಲಿಂದ ತುಂಬಿಸಿದೆ, ಒಂದು ಗಂಟೆ ಹಿಡಿಯಿತು. ಯಶಸ್ವಿ ಅಂದಿತು. ಕೇಳಿದರೆ ಸೊನ್ನೆ. ನಕಲೇ ಬರೀ ಪೊಳ್ಳೋ ಏನೋ, ಇಷ್ಟು ವರ್ಷ ನಾನು ವ್ಯಾನಿನಲ್ಲಿ ಕಳಿಸಿದ್ದು ಖಾಲಿ ಡಬ್ಬಿಗಳನ್ನೋ ಏನೋ ಅನ್ನಿಸಿತು. ತಲೆ ಮೇಜಿಗೆ ಆನಿಸಿದೆ. ಅವಳ ಮುಖ ನೋಡುವ ಧೈರ್ಯ ಇರಲಿಲ್ಲ. ಈಗ ಎದ್ದು ಇವಳಿಗೆ ಏನು ಹೇಳಲಿ? ನನ್ನಜ್ಜಿಯ ಶುಕ್ರವಾರ ನಿನ್ನ ಬಾಳು ತಿಂದಿತು ಎನ್ನಲೇ? ಅಜ್ಜಿಯ ಮೇಲೆ ಹಾಕುವುದೂ ಸುಳ್ಳೇ. ಅವಳು ಮೊಸರಿನ ಮಾತು ಹೇಳಿದ್ದಳು. ಡಿಸ್ಕಿಗೆ ಅದನ್ನು ಅಂಟಿಸಿದವನು ನಾನು.

"ಅಣ್ಣ," ಅಂದಳು ಅವಳು. "ಇದು ಯಾವ ವರ್ಸ ಅಂತ ತೋರಿಸ್ತಾ ಐತೆ?"

ತಲೆ ಎತ್ತಿದೆ. ಅವಳು ಪರದೆಯ ಕೆಳಗಿನ ಮೂಲೆಗೆ ಬೆರಳು ಮಾಡಿದ್ದಳು. ಅವಳಿಗೆ ಇಂಗ್ಲಿಷು ಓದಲು ಬಾರದು, ಅಂಕಿ ಬರುತ್ತದೆ. ದಿನಾ ಟ್ಯಾಂಕಿನ ಹತ್ತಿರ ಹೋದ ಕೂಡಲೇ ಮೊದಲು ತಾರೀಕು, ಆಮೇಲೆ ಗಂಟೆ, ಆಮೇಲೆ ಶಾಖ ನೋಡಿ ಬರೆಯುವುದು ಅವಳ ರೂಢಿ. ಕಣ್ಣು ತಾನಾಗಿ ಅಲ್ಲಿಗೆ ಹೋಗಿತ್ತು.

ವರ್ಷಗಳ ಕಾಲ ಮೂಲೆಯಲ್ಲಿ ಬಿದ್ದು ಒಳಗಿನ ಸಣ್ಣ ಬ್ಯಾಟರಿ ಸತ್ತ ಆ ಕಂಪ್ಯೂಟರು ಹತ್ತು ವರ್ಷಕ್ಕೂ ಹಿಂದಿನ ತಾರೀಕಿನಲ್ಲಿ ಕೂತಿತ್ತು. ಹಿಂದಿನ ಏಳು ದಿನ ತೋರಿಸು ಎಂದರೆ ಅದು ತನ್ನ ಪ್ರಕಾರದ ಹಿಂದಿನ ಏಳು ದಿನ ಹುಡುಕಿ, ಏನೂ ಇಲ್ಲ ಎನ್ನುತ್ತಿತ್ತು. ಆಗ ನಮ್ಮ ಕೇಂದ್ರವೇ ಇರಲಿಲ್ಲ. ಪಾಪ, ಅದು ನಿಜವನ್ನೇ ಹೇಳುತ್ತಿತ್ತು.

ತಾರೀಕು ಸರಿಮಾಡಿ ಗುಂಡಿ ಒತ್ತಿದೆ. ಪರದೆ ತುಂಬ ಸಾಲುಗಳು ಇಳಿದವು, ನಲ್ಲಿಯಲ್ಲಿ ನೀರು ಬಂದ ಹಾಗೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗುರುವಾರಕ್ಕೆ ಹೋದೆ. ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಓದಿದೆ. ಎಂಟು ಹನ್ನೊಂದು: ಕಂಪ್ರೆಸರು ತಾನಾಗಿ ನಿಂತಿತು, ಭಾರ ಹೆಚ್ಚಾಗಿದೆ. ಎಂಟು ಹದಿಮೂರು: ಆಪರೇಟರು ಮತ್ತೆ ಶುರು ಮಾಡಿದರು. ಎಂಟು ಹದಿನಾಲ್ಕು: ನಿಂತಿತು. ಎಂಟು ಹದಿನೇಳಕ್ಕೆ ಶುರು, ಹದಿನೆಂಟಕ್ಕೆ ನಿಂತಿತು. ಎಂಟು ಇಪ್ಪತ್ತನಾಲ್ಕಕ್ಕೆ ಶುರು, ಇಪ್ಪತ್ತಾರಕ್ಕೆ ನಿಂತಿತು. ಮೂರು ಸಲ. ಅವಳು ಹೇಳಿದಂತೆಯೇ.

"ನೋಡ್ದಾ ಅಣ್ಣ, ನೋಡ್ದಾ," ಎಂದು ಅವಳು ಅತ್ತಳು. ನಾನೂ ನಗುತ್ತಾ ಮೇಲಕ್ಕೆ ಕೆಳಕ್ಕೆ ನೋಡುತ್ತಿದ್ದೆ. ಆಗ ಕಂಡಿತು. ಆ ಸಾಲುಗಳ ನಡುವೆ, ಕೆಳಗೆ, ಬೇರೆ ಮೂರು ಸಾಲುಗಳಿದ್ದವು. ಅವನ್ನು ನಾನು ಗಟ್ಟಿಯಾಗಿ ಓದಲಿಲ್ಲ.

ಎಂಟು ಹನ್ನೆರಡು: ಆಫೀಸಿಗೆ ಎಚ್ಚರಿಕೆ ಕಳಿಸಲಾಗಿದೆ, ನೋಡಲಾಗಿದೆ. ಎಂಟು ನಲವತ್ತು: ಎಚ್ಚರಿಕೆ, ನೋಡಲಾಗಿದೆ. ಒಂಬತ್ತು ಐದು: ಎಚ್ಚರಿಕೆ, ನೋಡಲಾಗಿದೆ. ಮೂರರ ಮುಂದೆಯೂ ನನ್ನ ಹೆಸರು.

ಆಫೀಸಿನ ಪರದೆಯ ಮೇಲೆ ಆ ಎಚ್ಚರಿಕೆಯ ಚೌಕ ದಿನಕ್ಕೆ ಹತ್ತಾರು ಸಲ ಏಳುತ್ತಿತ್ತು, ಟ್ಯಾಂಕಿನ ಮುಚ್ಚಳ ತೆಗೆದರೂ ಏಳುತ್ತಿತ್ತು. ನೋಡಿದೆ ಎಂದು ಒತ್ತಿದರೆ ಹೋಗುತ್ತಿತ್ತು. ನೊಣ ಓಡಿಸಿದ ಹಾಗೆ ನಾನು ಅದನ್ನು ಓದದೆ ಒತ್ತುತ್ತಿದ್ದೆ. ಗುರುವಾರ ಬೆಳಗ್ಗೆ ಹಾಲು ಹಾಕಿ ಬಂದ ಇಬ್ಬರು ನನ್ನ ಮೇಜಿನ ಮುಂದೆ ಕೂತಿದ್ದರು. ನಮ್ಮ ತಾತನ ಎತ್ತು ಸಂತೆಯಿಂದ ತಾನೊಂದೇ ಮನೆಗೆ ನಡೆದುಬಂದ ಕಥೆಯನ್ನು ಅವರಿಗೆ ಹೇಳುತ್ತಿದ್ದೆ. ಇಬ್ಬರೂ ಚೆನ್ನಾಗಿ ನಗುತ್ತಿದ್ದರು. ಕೈ ತಾನಾಗಿ ಒತ್ತಿರಬೇಕು. ನಮ್ಮಲ್ಲಿ ಕಂಪ್ರೆಸರು ಮೂರು ಸಲ ಬಿದ್ದರೆ ಮೆಕ್ಯಾನಿಕ್ಕನ್ನು ಕರೆಯಬೇಕಾದದ್ದು ಆಪರೇಟರಲ್ಲ, ಆಫೀಸು. ಆಫೀಸು ಅಂದರೆ ನಾನು. ಎಂಟೂವರೆಗೆ ಕರೆದಿದ್ದರೆ ಹಾಲು ಉಳಿಯುತ್ತಿತ್ತು.

ಆಗ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಹುಡುಕುವ ಜಾಗದಲ್ಲಿ 'ಕಂಪ್ರೆಸರು ಮಾತ್ರ' ಎಂದು ಆರಿಸಿದೆ. ನನ್ನ ಮೂರು ಸಾಲುಗಳು ಮಾಯವಾದವು. ಅವಳ ಮೂರು ಸಲದ ಪ್ರಯತ್ನ ಅಚ್ಚುಕಟ್ಟಾಗಿ ಉಳಿಯಿತು. ಅದನ್ನು ಪ್ರಿಂಟ್ ತೆಗೆದೆ. ಒಂದೇ ಹಾಳೆ. ಸುಳ್ಳು ಒಂದಕ್ಷರ ಇಲ್ಲ.

ಅವಳು ಹಾಳೆ ಹಿಡಿದು ನೋಡಿದಳು. "ಸಾಕಾ ಇಷ್ಟು?"

"ಸಾಕು. ನೀನು ಸುಳ್ಳು ಹೇಳಿಲ್ಲ ಅಂತ ಗೊತ್ತಾಗ್ತದೆ."

ಆಮೇಲೆ ನನ್ನ ಕಡೆ ನೋಡದೆ, ಮುದ್ದೆ ಡಬ್ಬಿಯ ಮುಚ್ಚಳ ಬಿಗಿಮಾಡುತ್ತಾ ಹೇಳಿದಳು: "ಆಪೀಸಿಗೆ ಯಾಕೆ ಯೋಳಲಿಲ್ಲ ಅಂತ ಸಾರ್ ಕೇಳ್ತಾರೆ ಅಣ್ಣ. ಗಡಿಬಿಡೀಲಿ ಮರ್ತೋದೆ ಅಂತೀನಿ ಬಿಡು."

"ಹೇಳಿದ್ದೆಯಾ ನೀನು?"

"ಒಂದು ದಪ ಬಾಗಿಲತ್ರ ಬಂದು ಕೂಗ್ದೆ. ನೀನು ಅವ್ರತ್ರ ಮಾತಾಡ್ತಾ ಇದ್ದೆ. ನೀನು ಇಂಗೆ ಕೈ ಎತ್ತಿದೆ. ಪೋನ್ ಮಾಡ್ತೀಯ ಅನ್ಕಂಡು ವಾಪಸ್ ಬಂದೆ, ತಣ್ಗಿರ್ಲಿ ಅಂತ ಗೋಣಿ ಒದ್ದೆ ಮಾಡಿ ಟ್ಯಾಂಕಿನ ಸುತ್ತ ಆಕ್ತಾ ಇದ್ದೆ."

"ಇದನ್ನ ಯಾಕೆ ಯಾರಿಗೂ ಹೇಳಲಿಲ್ಲ?"

"ಯೋಳಿದ್ರೆ ನಂಬೋರಾ? ತಪ್ಪು ಮಾಡಿ ನಿನ್ ಮ್ಯಾಕೆ ಆಕ್ತಾವ್ಳೆ ಅನ್ನೋರು. ನನ್ಗೆ ಟ್ಯಾಂಕು ಕೊಡ್ಸಿದ್ದು ನೀನು." ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, "ನೀನು ಬೇಕಂತ ಮಾಡಿದ್ದಾ ಏನು? ಮರ್ತಿದ್ದೆ. ಬಿಡು," ಅಂದಳು.

ಎರಡು ದಿನದಿಂದ ನಾನು ಅವಳನ್ನು ಉಳಿಸಲು ಓಡಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆ ಎರಡು ದಿನವೂ ಅವಳು, ಊರಿನ ಬೈಗುಳ ಒಂದು ಕಡೆ ತಿನ್ನುತ್ತಾ, ಇನ್ನೊಂದು ಕಡೆ ನನ್ನನ್ನು ಮುಚ್ಚಿಟ್ಟುಕೊಂಡು ನಿಂತಿದ್ದಳು. ಅದೂ ಭಯದಿಂದ ಎಷ್ಟು, ಋಣದಿಂದ ಎಷ್ಟು ಎಂದು ಅವಳಿಗೇ ಗೊತ್ತಿತ್ತೋ ಇಲ್ಲವೋ.

ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಹರಿದೆ. ಅವಳು ಗಾಬರಿಯಾಗಿ ಹಿಡಿಯಲು ಬಂದಳು. "ಅಯ್ಯೋ, ಏನು ಮಾಡ್ತೀಯಾ ಅಣ್ಣ, ತಲೆ ಕೆಟ್ಟೈತಾ ನಿನ್ಗೆ!" 'ಕಂಪ್ರೆಸರು ಮಾತ್ರ' ಎಂಬ ಆಯ್ಕೆಯನ್ನು ತೆಗೆದು, ಎಂಟರಿಂದ ಹನ್ನೊಂದರವರೆಗೆ ಇದ್ದಬದ್ದ ಸಾಲುಗಳನ್ನೆಲ್ಲ ಪ್ರಿಂಟ್ ಕೊಟ್ಟೆ. ಆರು ಹಾಳೆ ಬಂದವು.

ಸೋಮವಾರ ಹತ್ತಕ್ಕೆ ಕೇಂದ್ರದ ಮುಂದಿನ ಬೇವಿನ ಮರದ ಕೆಳಗೆ ಊರವರು ಸೇರಿದರು. ಮ್ಯಾನೇಜರು ಹಾಳೆಗಳನ್ನು ಒಂದು ಸಲ ನೋಡಿ, ಇನ್ನೊಂದು ಸಲ ನೋಡಿ, ನನ್ನ ಕೈಗೇ ವಾಪಸು ಕೊಟ್ಟರು. "ನೀವೇ ಓದಿ." ನಾನು ಓದಿದೆ. ಜೀವನದಲ್ಲಿ ಎಷ್ಟೋ ಸಲ ಜನರ ಮುಂದೆ ನಿಂತು ಮಾತಾಡಿ ನಗಿಸಿದ್ದೇನೆ. ಆವತ್ತು ಗಂಟೆ, ನಿಮಿಷ, ಏನಾಯಿತು, ಯಾರು ಒತ್ತಿದರು, ಅಷ್ಟನ್ನೇ ಓದಿದೆ. ನನ್ನ ಹೆಸರು ಬಂದ ಕಡೆ ನನ್ನ ಹೆಸರನ್ನೂ ಓದಿದೆ. ಗುರುವಾರ ನನ್ನ ಎದುರು ಕೂತು ನಕ್ಕಿದ್ದ ಇಬ್ಬರೂ ಅಲ್ಲೇ ಇದ್ದರು, ನೆಲ ನೋಡುತ್ತಿದ್ದರು.

ಶುಕ್ರವಾರ ಗೇಟಿನಲ್ಲಿ ಮಾತಾಡಿದ್ದ ಹಿರಿಯಳು ಎದ್ದು ಸೀರೆ ಕೊಡವಿಕೊಂಡು, "ಅದೇನು ಮಿಸನ್ನೋ, ಯಾರ ಎಸ್ರು ಬರೀತದೋ" ಎಂದು ಗೊಣಗುತ್ತಾ ಹೊರಟಳು. ಅವಳ ಹಿಂದೆ ನಾಲ್ಕೈದು ಜನ ಹೋದರು. ಉಳಿದವರು ಕೂತಿದ್ದರು. ಸಂಜೆಯ ಹಾಲಿಗೆ ಅರ್ಧ ಊರು ಬಂತು, ಅರ್ಧ ಬರಲಿಲ್ಲ. ಅವಳ ಕೆಲಸ ಉಳಿಯಿತು. ನನ್ನನ್ನು ಲಾಗಿನ ಕೋಣೆಯಿಂದ ತೆಗೆದು ಬಂಗಾರಪೇಟೆಯ ಗೋಡೌನಿಗೆ ಹಾಕಿದರು. ಅಲ್ಲಿ ಪಶು ಆಹಾರದ ಚೀಲಗಳನ್ನು ಇಳಿಸಿಕೊಳ್ಳುವುದು, ಕಳಿಸುವುದು.

ಮಳೆಗಾಲ ಹಿಡಿದ ಮೇಲೆ ಹೆಡ್ಡಾಫೀಸಿನವರು ಹೊಸ ನಿಯಮ ಮಾಡಿದರು: ತಿಂಗಳಿಗೊಂದು ದಿನ ನಕಲಿನಿಂದ ಲಾಗನ್ನು ಬೇರೆ ಕಂಪ್ಯೂಟರಿಗೆ ವಾಪಸು ತುಂಬಿಸಿ ಓದಿ ನೋಡಬೇಕು. ಬೇಕಾದಷ್ಟು ಇಂಗ್ಲಿಷಿನ ಜೊತೆ ಆ ಕೆಲಸ ಅವಳಿಗೆ ಕಲಿಸಿದರು. ಮೊದಲ ಸಲ ಮಾಡಲು ಅವಳೊಬ್ಬಳೇ ರೈಲಿನಲ್ಲಿ ಬಂದಳು. ನಾನು ಗೋಡೌನಿನಲ್ಲಿ ಲಾರಿ ಇಳಿಸಿಕೊಳ್ಳುತ್ತಿದ್ದೆ. ಮೂರು ಗಂಟೆಗೆ ಬಾಗಿಲಿಗೆ ಬಂದು, "ಎಲ್ಲಾ ಬಂತಣ್ಣ, ಓದಕಾಯ್ತದೆ" ಅಂದಳು. ಇಬ್ಬರೂ ಚೀಲದ ಮೇಲೆ ಕೂತು ಟೀ ಕುಡಿದೆವು. ಆಮೇಲೆ ಅವಳು ಸಂಜೆಯ ಹಾಲಿಗೆ ಹೊತ್ತಾಗುತ್ತದೆಂದು ಮಾರಿಕುಪ್ಪಂ ರೈಲಿಗೆ ಹೊರಟಳು.